ಯೋಗಿತಾ ಲಗ್ನಪತ್ರಿಕೆಯನ್ನು ಕೊನೆಯವರೆಗೂ ಓದಿದ್ದು

ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುವವರು ಮಾಯಸಂದ್ರದಲ್ಲಿ ಒಬ್ಬರೇ: ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಯೋಗಿತಾ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಓದಿ ಮುಗಿಸಿಯೇ ಎಸೆಯುವ ಈ ವೀರವನಿತೆಗೆ ತಕ್ಕ ಶತ್ರು ಎದುರಾದದ್ದು ಹೋದ ಮಾಘದಲ್ಲಿ.

ಭೂತಮ್ಮಜ್ಜಿಯ ಮೊಮ್ಮಗಳ ಮದುವೆಗೆ ಒಂಬತ್ತೇ ದಿನ ಉಳಿದಿತ್ತು. ಹಸೆಗೆ ಕರೆಯುವ ಹಾಡು ಪೂರ್ತಿ ಬರುತ್ತಿದ್ದುದು ಅಜ್ಜಿಯ ತಂಗಿ ಕಲ್ಲಮ್ಮನಿಗೆ ಮಾತ್ರ, ಆಕೆ ಈಗಿಲ್ಲ. ಆಕೆ ಹಾಡಿದ್ದು ಉಳಿದಿದ್ದುದು ಇಪ್ಪತ್ತು ವರ್ಷದ ಹಿಂದೆ ಅವರ ಮನೆಯಲ್ಲೇ ನಡೆದ ಒಂದು ಮದುವೆಯ ಸಿ.ಡಿ.ಯಲ್ಲಿ. ಸಿ.ಡಿ. ಕೆಟ್ಟಿತ್ತು. ವಿಡಿಯೋದವನು ಅಂದೇ ಮಾಡಿಟ್ಟಿದ್ದ ಅದರ ತದ್ರೂಪು, ಅಂದರೆ ಡಿಸ್ಕ್ ಇಮೇಜ್, ಈಗ ಯೋಗಿತಾಳ ಕಂಪ್ಯೂಟರಿನಲ್ಲಿತ್ತು. ಆದರೆ ಅದನ್ನು ಮುಟ್ಟಿದೊಡನೆ ತೆರೆಯಬೇಕಾದ ಸಾಫ್ಟ್‌ವೇರ್ ಮೂರ್ಛೆ ಹೋಗುತ್ತಿತ್ತು.

ಮೂರು ದಿನ ಘೋರ ಸಮರ. ನಾಲ್ಕನೆಯ ದಿನ ಯೋಗಿತಾ ಇಮೇಜಿನ ಜೊತೆಗಿದ್ದ ಪುಟ್ಟ ಫೈಲನ್ನು ತೆರೆದು ಓದಿದಳು. ಸಿ.ಡಿ.ಯ ಹೆಸರು ಬರೆಯುವ ಜಾಗದಲ್ಲಿ, ಆ ಮದುವೆಯ ವಿಡಿಯೋ ತೆಗೆದಿದ್ದ ರೇಣುಕಪ್ರಸಾದ್ ಇಡೀ ಲಗ್ನಪತ್ರಿಕೆಯನ್ನೇ ಟೈಪ್ ಮಾಡಿಟ್ಟಿದ್ದ! ಕುಲದೈವ, ಸೋದರಮಾವಂದಿರು, ಹಿತೈಷಿಗಳು, ಎಲ್ಲರೂ ಹಾಜರ್. ಒಂದು ಹೆಸರು ಬಿಟ್ಟರೂ ಯಾರೋ ಮುನಿಸಿಕೊಂಡಾರೆಂಬ ಭಯ ಅವನಿಗೆ.

ಸಾಫ್ಟ್‌ವೇರಾದರೋ ಆ ಹೆಸರಿಗೆಂದು ಅಂಗೈಯಗಲ ಜಾಗವಿಟ್ಟು, ಉದ್ದ ನೋಡದೆ ಎಲ್ಲವನ್ನೂ ಸುರಿದುಕೊಳ್ಳುತ್ತಿತ್ತು. ಅನ್ನಕ್ಕೆ ಕಟ್ಟೆ ಕಟ್ಟದೆ ಸಾರು ಬಡಿಸಿಕೊಂಡರೆ ಅದು ಪಕ್ಕದವರ ಎಲೆಗೆ ನುಗ್ಗುತ್ತದಲ್ಲ, ಹಾಗೆ. ಇಂಥ ದೋಷದ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದಳು: ಹರಿದ ಸಾರಿನಲ್ಲಿ ಕಳ್ಳನೊಬ್ಬ ತನ್ನ ಆಜ್ಞೆ ಬೆರೆಸಿಟ್ಟರೆ ಕಂಪ್ಯೂಟರೇ ಅವನ ವಶ!

ಅಷ್ಟರಲ್ಲಿ ಅಜ್ಜಿ ಬಂದರು. “ಸಿಕ್ತೇನವ್ವಾ ನನ್ ತಂಗಿ ಹಾಡು?”

“ನಿಮ್ಮ ನೆಂಟರೆಲ್ಲ ಬಾಗ್ಲಿಗ್ ಅಡ್ಡ ಕೂತವ್ರೆ ಕಣಜ್ಜಿ.”

“ಅವ್ರು ಯಾವತ್ತೂ ಹಂಗೇ ಕಣೇ. ಎಬ್ಸು!”

ಯೋಗಿತಾ ಆ ಪುಟ್ಟ ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ವಧೂವರರ ಹೆಸರಷ್ಟೇ ಉಳಿಸಿದಳು. ಇಮೇಜ್ ತೆರೆಯಿತು. ಕಲ್ಲಮ್ಮ ಎಲೆಯಡಿಕೆ ತುಂಬಿದ ಬಾಯಲ್ಲೇ ಹಾಡತೊಡಗಿದರು. ಮರೆತ ಮೂರನೆಯ ನುಡಿ ಬರುತ್ತಲೇ ಅಜ್ಜಿ ದನಿ ಸೇರಿಸಿದರು. ಜೆರಾಕ್ಸಿಗೆ ಬಂದವರು ಕಾಗದ ಹಿಡಿದುಕೊಂಡೇ ನಿಂತರು.

ಅಂದೇ ಯೋಗಿತಾ ಸಾಫ್ಟ್‌ವೇರಿನವರಿಗೆ ಸಾಕ್ಷಿಸಮೇತ ಬರೆದಳು. ನಾಲ್ಕೇ ದಿನದಲ್ಲಿ ತಿದ್ದುಪಡಿ ಬಂತು. ಕೃತಜ್ಞತೆಯ ಸಾಲಿನಲ್ಲಿ ‘ಯೋಗಿತಾ, ಮಾಯಸಂದ್ರ’ ಎಂದಿತ್ತು. ಪರೀಕ್ಷೆಗೆಂದು ಮೂಲ ಇಮೇಜನ್ನೇ, ಅಷ್ಟೂ ನೆಂಟರ ಸಮೇತ, ತೆರೆದಳು. ಈ ಸಲ ಸಾಫ್ಟ್‌ವೇರ್ ಮೂರ್ಛೆ ಹೋಗಲಿಲ್ಲ.

ಹಸೆಗೆ ಕರೆಯುವ ಹೊತ್ತಿಗೆ ಭೂತಮ್ಮಜ್ಜಿ ಮೂರೂ ನುಡಿ ಹಾಡಿದರು. ಮುಗಿಸಿದವರೇ ಯೋಗಿತಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಓದಿ ಓದಿ ಕಣ್ ಕೆಡಿಸ್ಕೊಂಡಿದ್ದು ಸಾಕು ಬುಡು. ಈಗ ಇದನ್ ಕಲಿ. ಒಂದ್ ನುಡಿನೂ ಬುಡಂಗಿಲ್ಲ!”