ಉಣ್ಣೆಯ ಕೆಳಗಿನ ಬನಿಯನ್

ಏಪ್ರಿಲ್‌ನ ಆ ಭಾನುವಾರದ ಬಗ್ಗೆ ಡೈರಿಯಲ್ಲಿ ಇಷ್ಟು ಬರೆದುಕೊಂಡಿದ್ದೇನೆ: ‘ಗಾಳಿ 68, ನೀರು 43. ಬನಿಯನ್ ತೆಗೆಯಲು ಮರೆತೆ.’ ಮೊದಲಿನದು ಸರಿ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕ; ಊರಿನ ಸೆಲ್ಸಿಯಸ್ ಲೆಕ್ಕದಲ್ಲಿ ಇಪ್ಪತ್ತು ಮತ್ತು ಆರು. ಥರ್ಮಾಮೀಟರನ್ನು ನಾನೇ ದಾರ ಕಟ್ಟಿ ನೀರಿಗೆ ಇಳಿಬಿಟ್ಟು ನೋಡಿದ್ದೆ. ಎರಡನೆಯದರಲ್ಲಿ ‘ಮರೆತೆ’ ಎಂಬ ಮಾತಿನ ಮೇಲೆ ನನಗೀಗ ಅಷ್ಟು ನಂಬಿಕೆಯಿಲ್ಲ.

ನಾವಿರುವುದು ಅಮೆರಿಕದ ಪ್ಲಿಮತ್‌ನಲ್ಲಿ. ಮಗಳಿಗೆ ಹದಿನಾರು. ಹಿಂದಿನ ಬೇಸಿಗೆಯಲ್ಲಿ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ಹಿಡಿದವಳು ಮತ್ತೆ ಬಿಟ್ಟಿರಲಿಲ್ಲ. ಮೇ ತಿಂಗಳಲ್ಲಿ ನಮ್ಮ ಪರಿಚಯದ ಏಳೆಂಟು ಜನ ದೊಡ್ಡ ಸರೋವರದಲ್ಲಿ ಮೂರು ದಿನ ಹುಟ್ಟು ಹಾಕಲು ಹೊರಟಿದ್ದರು. ಅವರನ್ನು ಕರೆದುಕೊಂಡು ಹೋಗುವವರು ಧಾರವಾಡ ಕಡೆಯ ಡಾಕ್ಟರು, ಅರವತ್ತು ದಾಟಿದ ಹೆಂಗಸು. ಮಗಳಿಗೆ ಆಂಟಿ, ನನಗೆ ‘ಡಾಕ್ಟ್ರೇ’. ಅವರ ನಿಯಮಗಳು ಎರಡು. ಹದಿನೆಂಟು ತುಂಬದವರು ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಒಂದೇ ದೋಣಿಯಲ್ಲಿ ಬರಬೇಕು. ಬರುವವರೆಲ್ಲ ಅದಕ್ಕೆ ಮೊದಲು, ಹಾಕಿಕೊಂಡು ಹೋಗುವ ಬಟ್ಟೆಯಲ್ಲೇ, ಎದೆಮಟ್ಟದ ನೀರಿನಲ್ಲಿ ಹತ್ತು ನಿಮಿಷ ನಿಂತು ತೋರಿಸಬೇಕು. ನನ್ನ ಹೆಂಡತಿಗೆ ನೀರೆಂದರೆ ಆಗದು. ಹೀಗಾಗಿ ಮಗಳು ಹೋಗುವುದೂ ಬಿಡುವುದೂ ನನ್ನ ಹತ್ತು ನಿಮಿಷದ ಮೇಲೆ ನಿಂತಿತ್ತು. ಆ ಭಾನುವಾರವೇ ಅದಕ್ಕೆ ಕೊನೆಯ ಸರದಿ.

ಬಟ್ಟೆಯ ವಿಷಯದಲ್ಲಿ ನನಗೆ ಧೈರ್ಯವಿತ್ತು. ಹತ್ತೊಂಬತ್ತು ಚಳಿಗಾಲ ಇಲ್ಲಿ ಹಿಮ ಎತ್ತಿದವನು ನಾನು. ಬೇಸ್‌ಮೆಂಟಿನ ನೆಲದ ಮೇಲೆ ಎಲ್ಲವನ್ನೂ ಹರಡಿ, ಗರಿ ತುಂಬಿದ ದಪ್ಪ ಜಾಕೆಟ್ ಎತ್ತಿಕೊಂಡಾಗ ಮಗಳು ನಕ್ಕಳು. ಅದು ಒದ್ದೆಯಾದರೆ ನೆನೆದ ಅವಲಕ್ಕಿ ಥರ ಆಗುತ್ತೆ ಎಂದಳು. ಇಂಗ್ಲಿಷಿನಲ್ಲೇ ಹೇಳಿದ್ದು, ಅವಲಕ್ಕಿ ಮಾತ್ರ ಕನ್ನಡದ್ದು. ಹಿಮದ ಚಳಿಗೆ ಹಾಕುವುದೇ ಬೇರೆ, ನೀರಿನ ಚಳಿಗೆ ಹಾಕುವುದೇ ಬೇರೆ ಎಂದು ಅವಳು ನನಗೆ ಪಾಠ ಮಾಡಿದಳು. ಬಿಸಿಲು ನೋಡಿ ಬಟ್ಟೆ ಆರಿಸಬಾರದು, ನಾವು ಬೀಳಬಹುದಾದ ನೀರನ್ನು ನೋಡಿ ಆರಿಸಬೇಕು. ಮೈಗೆ ಅಂಟಿದಂತೆ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಸಿಂಥೆಟಿಕ್ ಅಂಗಿ, ಎಲ್ಲದರ ಮೇಲೆ ಡ್ರೈಸೂಟ್, ಅಂದರೆ ಕತ್ತು ಮತ್ತು ಮಣಿಕಟ್ಟಿನಲ್ಲಿ ಬಿಗಿ ರಬ್ಬರ್ ಪಟ್ಟಿ ಇರುವ, ನೀರು ಒಳಗೆ ಬಿಡದ ಉಡುಪು. ಕಾಲಿಗೆ ಉಣ್ಣೆಯ ಸಾಕ್ಸ್, ತಲೆಗೆ ಟೋಪಿ. ಹತ್ತಿ ಮಾತ್ರ ಎಲ್ಲೂ ಕೂಡದು. ಅದು ಬೆವರನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಮೈಯ ಶಾಖ ತಿನ್ನುತ್ತದೆ.

ಕಾರಿನ ಬಾಗಿಲಿನ ರಬ್ಬರನ್ನು ಬಿಸಿಲಿಗೂ ಮಂಜಿಗೂ ಒಡ್ಡಿ ಪರೀಕ್ಷಿಸುವುದು ನನ್ನ ಕೆಲಸ. ನನಗೆ ಇದೆಲ್ಲ ಅರ್ಥವಾಗದೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬನಿಯನ್ ಹಾಕಿಕೊಂಡೆ. ಅದರ ಮೇಲೆ ಉಣ್ಣೆ. ನೆನಪಿನ ಪ್ರಕಾರ ಇದು ಕೈಯ ಅಭ್ಯಾಸ. ಬನಿಯನ್ ಇಲ್ಲದೆ ಶರ್ಟ್ ಹಾಕಿದರೆ ಮೈಸೂರಿನ ಮನೆಯಲ್ಲಿ ಅಮ್ಮ ಬಾಗಿಲಿಂದ ವಾಪಸು ಕಳಿಸುತ್ತಿದ್ದಳು. ಈಗಲೂ ಊರಿಂದ ಯಾರೇ ಬರಲಿ, ಪೆಟ್ಟಿಗೆಯಲ್ಲಿ ನನಗೊಂದು ಅರ್ಧ ಡಜನ್ ಇರುತ್ತದೆ. ಆದರೆ ಹಿಂದಿನ ದಿನ ಉಣ್ಣೆಯನ್ನು ಬರಿಮೈಗೆ ಹಾಕಿ ನೋಡಿ, ನವೆ ತಡೆಯಲಾರದೆ ತೆಗೆದಿಟ್ಟದ್ದೂ ನಿಜ. ಅದೂ ಡೈರಿಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ‘ಮರೆತೆ’ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಮನೆಯಿಂದ ಮೂವತ್ತು ಮೈಲಿ ದೂರದ ಒಂದು ಚಿಕ್ಕ ಕೆರೆ. ಬಿಸಿಲು ಚೆನ್ನಾಗಿತ್ತು. ಡ್ರೈಸೂಟ್ ಹಾಕಿಕೊಂಡೇ ದೋಣಿಗಳನ್ನು ಕಾರಿನಿಂದ ಇಳಿಸಿ, ದಡದವರೆಗೆ ಹೊತ್ತು, ಚೆನ್ನಾಗಿ ಬೆವರಿದೆವು. ಡಾಕ್ಟರು ಎಲ್ಲರ ಮುಂದೆ ನಿಂತು ಕೇಳಿದರು: “ಹತ್ತಿ ಅರಿವಿ ಯಾರ್ ಹಾಕ್ಕೊಂಡೀರಿ? ಈಗ ಹೇಳ್ರಿ, ಆಮ್ಯಾಲೆ ನಡುಗಬ್ಯಾಡ್ರಿ.” ನಾನು ತಲೆಯಾಡಿಸಿದೆ, ಇಲ್ಲವೆಂದು. ಬನಿಯನ್ ನೆನಪಿಗೆ ಬಂದು ತಲೆಯಾಡಿಸಿದೆನೋ, ಬಾರದೆಯೋ, ನೂರು ಸಲ ಕೇಳಿಕೊಂಡಿದ್ದೇನೆ.

ನೀರಿಗಿಳಿದೆವು. ಮಗಳು ನನ್ನ ಎದುರಿಗೇ ನಿಂತಿದ್ದಳು. ಮೊದಲ ನಾಲ್ಕು ನಿಮಿಷ ಮಾತಾಡಿದೆ. ಐದನೆಯದರಲ್ಲಿ ಬೆವರಿದ ಬನಿಯನ್ ಬೆನ್ನಿಗೆ ತಣ್ಣೀರಿನ ಪಟ್ಟಿಯಂತೆ ಅಂಟಿತು. ಎಂಟರ ಹೊತ್ತಿಗೆ ದವಡೆ ಬಿಗಿ ಹಿಡಿದು ನಿಂತಿದ್ದೆ. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹತ್ತಾಯಿತು.

“ಈಗ ಲೈಫ್ ಜಾಕೆಟ್ಟಿನ ಬಕಲ್ ಬಿಚ್ಚಿ ಮತ್ತ ಹಾಕ್ರಿ,” ಎಂದರು ಡಾಕ್ಟರು.

ಬಿಚ್ಚಿದೆ. ಹಾಕಲು ಆಗಲಿಲ್ಲ. ಬೆರಳು ಇದ್ದವು, ಹೇಳಿದ ಮಾತು ಕೇಳಲಿಲ್ಲ. ಮಗಳು ಕೈ ಚಾಚಿದಳು.

“ನೀ ಸುಮ್ನಿರವ್ವಾ. ಅಪ್ಪ ಹಾಕ್ಕೋತಾರ.”

ಹಾಕಿಕೊಳ್ಳಲಿಲ್ಲ. ನನ್ನನ್ನು ದಡಕ್ಕೆ ಕರೆತಂದು ಡಾಕ್ಟರು ಸೂಟಿನ ಕತ್ತಿನ ಪಟ್ಟಿ ಬಿಡಿಸಿದರು. ಉಣ್ಣೆಯ ಅಂಚಿನಲ್ಲಿ ಬಿಳಿ ಇಣುಕಿತು.

“ಇದೇನ್ರಿ?”

“ಬನಿಯನ್ ಅಷ್ಟೇ, ಡಾಕ್ಟ್ರೇ.”

“ಬನಿಯನ್ ಅಂದ್ರ ಅರಿವಿ ಅಲ್ಲೇನ್ರಿ? ಹುಟ್ಟುವಾಗ ಹಾಕ್ಕೊಂಡೇ ಬಂದಿದ್ರೇನು?” ಸುತ್ತ ನಿಂತವರು ನಕ್ಕರು. “ನಿಮ್ಮ ಮೈಸೂರು ಮಂದೀದು ಇದೊಂದು ನೋಡ್ರಿ. ಯಜಮಾನ್ರೂ ಹಿಂಗ ಮಾಡಿದ್ರು ಒಮ್ಮೆ.” ಡಾಕ್ಟರ ಯಜಮಾನರೂ ಮೈಸೂರಿನವರು.

ಮಗಳು ನಗಲಿಲ್ಲ. ತನ್ನ ಚೀಲದಿಂದ ಹೆಚ್ಚುವರಿ ಉಣ್ಣೆ ಅಂಗಿ ತಂದು ಕೊಟ್ಟಳು. ಕಾರಿನ ಬಾಗಿಲ ಮರೆಯಲ್ಲಿ ಒದ್ದೆಯದನ್ನು ತೆಗೆದು, ತೋಳು ಗಿಡ್ಡವಾದ ಅವಳ ನೇರಳೆ ಅಂಗಿ ತೊಟ್ಟು, ಫ್ಲಾಸ್ಕಿನ ಚಹಾ ಕುಡಿಯುತ್ತ ಕಾರಿನ ಹೀಟರ್ ಮುಂದೆ ಕೂತೆ. ಬರಿಮೈಗೆ ಉಣ್ಣೆ ನವೆಯಾಗುತ್ತಲೇ ಇತ್ತು. ತಡೆಯಬಹುದಾದಷ್ಟೇ ನವೆ.

ಮುಕ್ಕಾಲು ಗಂಟೆ ಬಿಟ್ಟು ಡಾಕ್ಟರು ಕಿಟಕಿಗೆ ಬಂದರು. “ಚಳಿ ಪೂರ್ತಿ ಹೋಗಿದ್ರ ಇನ್ನೊಮ್ಮೆ ನಿಲ್ಲಸ್ತೀನಿ. ಒಂದೇ ಒಂದ್ ಸಲ. ಬೆನ್ನಾಗ ಇನ್ನೂ ಐತೇನ್ರಿ?”

ಬೆರಳು ಈಗ ಆಡುತ್ತಿದ್ದವು. ಬೆನ್ನಿನ ಚಳಿ ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ. ಮಗಳು ದೋಣಿಯ ಪಕ್ಕ ಕೆರೆಯ ಕಡೆ ಮುಖ ಮಾಡಿ ನಿಂತಿದ್ದಳು. ಇಲ್ಲ ಎಂದರೆ ಸಾಕಿತ್ತು.

“ಇದೆ,” ಎಂದೆ.

“ಹಂಗಾದ್ರ ಆಗೂದಿಲ್ರಿ. ಈ ಸಲ ಬಿಡ್ರಿ.” ಹೋಗಿ ಮಗಳಿಗೆ ಅವರೇ ಹೇಳಿದರು. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು, ಒಂದೇ ಸಲ.

ವಾಪಸು ಅವಳೇ ಡ್ರೈವ್ ಮಾಡಿದಳು. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. ಅರ್ಧ ದಾರಿ ಕಳೆದ ಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು, ಇಂಗ್ಲಿಷಿನಲ್ಲಿ: ಒಳಗಿತ್ತು ಅಂತ ನಿನಗೆ ಗೊತ್ತಿತ್ತಾ?

“ಗೊತ್ತಿಲ್ಲ ಮಗಾ,” ಎಂದೆ. ತಪ್ಪಿಸಿಕೊಳ್ಳಲು ಹೇಳಿದ್ದಲ್ಲ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವಳು ಅದನ್ನು ನಂಬಿದಳೆಂದು ನಾನು ಹೇಳಲಾರೆ.

ಹೀಟರ್ ಅತಿ ಬಿಸಿಯ ಕೊನೆಯ ಗೆರೆಯಲ್ಲಿತ್ತು. ನಾನು ಇಟ್ಟದ್ದಲ್ಲ. ಹೊರಗೆ ಅರವತ್ತೆಂಟು ಡಿಗ್ರಿ, ಬಿಸಿಲು. ಅವಳ ಕಿವಿಯ ಪಕ್ಕದಿಂದ ಬೆವರು ಇಳಿಯುತ್ತಿತ್ತು. ಹೆದ್ದಾರಿಯಿಂದ ನಮ್ಮ ಮನೆಗೆ ತಿರುಗುವ ಎಕ್ಸಿಟ್ ಬರುವವರೆಗೂ ಅವಳು ಹೀಟರನ್ನು ಕಡಿಮೆ ಮಾಡಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.