ಆಳೆತ್ತರದ ಗೋಡೆ

ನನಗೆ ಪಿಸುಗುಟ್ಟಲು ಬರುವುದಿಲ್ಲ. ಮೂವತ್ತು ವರ್ಷ ಪವರ್‌ಲೂಮ್ ಸದ್ದಿನ ನಡುವೆ ಮಾತಾಡಿದ ಗಂಟಲಿದು. ಗುಟ್ಟು ಹೇಳಿದರೂ ಓಣಿಗೆಲ್ಲ ಡಂಗುರ ಸಾರಿದಂತಿರುತ್ತದೆ. ನನ್ನ ಹೆಂಡತಿ ಮಲ್ಲವ್ವನದೂ ಇದೇ ಪಾಡು.

ಬನಹಟ್ಟಿಯ ನಮ್ಮ ಮಗ್ಗಗಳು ಹಳತಾಗಿ ಗುಜರಿಗೆ ಹೋದವು, ಶೆಡ್ಡು ಉಳಿಯಿತು. ಬಾಡಿಗೆ ಮನೆ ಬಿಟ್ಟು ಅಲ್ಲೇ ಸಂಸಾರ ಹೂಡೋಣ ಎಂದೆ. ಮಲ್ಲವ್ವ ಮೂಗು ಮುರಿದಳು. ಜಮಖಂಡಿಯ ಅರಮನೆಯಲ್ಲಿ ಅರಸರು ಓಡಾಡಿದ ಕಡೆ ಗುಮಾಸ್ತರು ಫೈಲು ಹರಡಿಕೊಂಡು ಕೂರಬಹುದಾದರೆ, ಮಗ್ಗ ಆಡಿದಲ್ಲಿ ನಾವು ಹಾಸಿಗೆ ಹಾಸಬಾರದೇ ಎಂದು ವಾದಿಸಿದೆ. ಮಗ್ಗ ಬಿಗಿದಿದ್ದ ಬೋಲ್ಟುಗಳು ಮಾತ್ರ ನೆಲದಲ್ಲಿ ಹಾಗೇ ಇದ್ದವು; ಮೊದಲ ತಿಂಗಳು ನಮ್ಮ ಹೆಬ್ಬೆರಳುಗಳು ಅವುಗಳ ಪರಿಚಯ ಮಾಡಿಕೊಂಡವು. ಕೋಣೆಗಳಿಗೆಂದು ಎಬ್ಬಿಸಿದ ಗೋಡೆ ಆಳೆತ್ತರಕ್ಕೆ ಬರುವಷ್ಟರಲ್ಲಿ ಇಟ್ಟಂಗಿ ಮುಗಿದವು. ಚಾವಣಿಯ ತಗಡು ಇನ್ನೂ ಎಲ್ಲೋ ಮೇಲಿತ್ತು. ಮುಂದೆ ನೋಡೋಣ ಎಂದು ಬಿಟ್ಟೆ.

ನಮಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕಸ್ತೂರಿಯನ್ನು ನೋಡಲು ಎರಡು ಸಲ ಬಂದವರು ತಗಡಿನತ್ತ ಕಣ್ಣಾಡಿಸಿ, ಚಹಾ ಕುಡಿದು ಎದ್ದು ಹೋಗಿದ್ದರು. ಅವಳ ಮುಖ ನೋಡಲು ನನಗೇ ನಾಚಿಕೆಯಾಗುತ್ತಿತ್ತು. ಈ ಶೆಡ್ಡಿನ ಹಟ ನನ್ನದಲ್ಲವೇ?

ಮೂರನೆಯ ಸಲ ಬಂದವರು ರಬಕವಿಯ ನೇಕಾರರು. ಮಾತಿನ ನಡುವೆ ಮಲ್ಲವ್ವ ನನ್ನನ್ನು ಅಡುಗೆಕೋಣೆಗೆ ಕರೆದು ತನ್ನ ಮಟ್ಟಿಗೆ ಪಿಸುಗುಟ್ಟಿದಳು: "ಹುಡುಗ ಛಲೋ ಅದಾನ ಖರೆ. ಅವರವ್ವನ ಬಾಯಿ ಭಾಳ ಜೋರ ಐತ್ರಿ!"

ಹೊರಗೆ ಕಪ್ಪುಬಸಿಗಳ ಸದ್ದು ನಿಂತಿತು. ಇದೂ ಹೋಯಿತು ಎಂದುಕೊಂಡೆ.

ಗಂಡಿನ ಕಡೆಯವರು ತಾವೂ ವಿಚಾರ ಮಾಡುತ್ತೇವೆಂದು ಪಕ್ಕದ ಕೋಣೆಗೆ ಹೋದರು. ಹುಡುಗನ ತಾಯಿಯ ಪಿಸುಮಾತು ಗೋಡೆ ಹಾರಿ, ತಗಡಿಗೆ ಬಡಿದು, ನಮ್ಮ ತಲೆಯ ಮೇಲೇ ಇಳಿಯಿತು: "ಆಕಿ ಅಂದಿದ್ದು ಖರೇನ ಐತಿ. ಆದ್ರ ಇವರೂ ನಮ್ಹಂಗ ಒದರೂ ಮಂದಿ. ಹುಡುಗಿಗಿ ನಮ್ಮ ಮನಿ ಹೊಸಾದು ಅನಸೂದಿಲ್ಲ. ಹೂಂ ಅಂದ್ಬಿಡ್ರಿ!"

ಹೊರಬಂದು ಗಂಭೀರವಾಗಿ, "ನಮಗ ಒಪ್ಪಿಗಿ ಐತ್ರಿ" ಎಂದರು. ನಾವೂ ಈಗಷ್ಟೇ ಕೇಳಿದವರಂತೆ ಕೈಮುಗಿದೆವು. ಒಳಗಿಂದ ಕಸ್ತೂರಿ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಅಬ್ಬಾ, ಅಷ್ಟು ದಿನದ ಭಾರ ಆ ಒಂದು ನಗೆಯಲ್ಲಿ ಇಳಿಯಿತು.

ಮನೆಯ ಮರ್ಯಾದೆ ಗೋಡೆಯ ಎತ್ತರದಲ್ಲಿದೆ ಎಂದು ನಂಬಿದ್ದವನು ನಾನು. ಮದುವೆ ಮುಗಿಸಿ, ಗೋಡೆಯನ್ನು ತಗಡಿಗೆ ಮುಟ್ಟಿಸಲು ಗೌಂಡಿಯನ್ನು ಕರೆತಂದೆ. ಇಷ್ಟು ದಿನ ಅದಕ್ಕೇ ನನ್ನ ತಲೆ ತಿಂದಿದ್ದ ಮಲ್ಲವ್ವ ಅವನನ್ನು ಬಾಗಿಲಲ್ಲೇ ತಡೆದು, ಇಡೀ ಓಣಿಗೆ ಕೇಳುವಂತೆ ಪಿಸುಗುಟ್ಟಿದಳು:

"ಈಗ ಬ್ಯಾಡೋ ತಮ್ಮಾ. ಸಣ್ಣಾಕಿ ಮದವಿ ಇನ್ನೂ ಐತಿ."