ಲೈಸೆನ್ಸ್ ಉಂಟು

ಮಲೇಷ್ಯಾದ ಬಾಂಗ್ಸಾರ್‌ನ ಸುದ್ದಿಮನೆಯೊಂದರಲ್ಲಿ ವಿದೇಶಿ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಯುರೋಪಿನ ಆನ್‌ಲೈನ್ ಜೂಜಿನ ವ್ಯಾಜ್ಯದ ವರದಿ ಬಂತು. ಒಂದು ದೇಶ ಹೊರಗಿನ ಜೂಜು ತಾಣಗಳನ್ನು ತಡೆದಿತ್ತು. ಪಕ್ಕದ ದೇಶದಲ್ಲಿ ಲೈಸೆನ್ಸ್ ಪಡೆದ ಕಂಪನಿಯೊಂದು, ಯುರೋಪ್ ಒಕ್ಕೂಟದೊಳಗೆ ಸೇವೆಯನ್ನು ಎಲ್ಲಿ ಬೇಕಾದರೂ ಮಾರಬಹುದೆಂಬ ನಿಯಮ ಹಿಡಿದು ನ್ಯಾಯಾಲಯಕ್ಕೆ ಹೋಗಿತ್ತು. ಜನರನ್ನು ಚಟದಿಂದ ಕಾಪಾಡಲು ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅದು ನೆಪವಾಗಬಾರದು ಎನ್ನುವುದು ಅಲ್ಲಿನ ಕಾನೂನಿನ ಸಾರ. ಒಂದು ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ಒಪ್ಪಲೇಬೇಕೆಂದಿಲ್ಲ ಎಂಬುದು ಕೊನೆಯ ಪ್ಯಾರಾದಲ್ಲಿತ್ತು. ಜಾಗ ಸಾಲಲಿಲ್ಲ. ಡೆಸ್ಕಿನ ರೂಢಿಯಂತೆ ಕೆಳಗಿನಿಂದ ಕತ್ತರಿಸಿದೆ.

ಆಗಲೇ ಹತ್ತಿರದ ಪುಚೊಂಗ್‌ನಿಂದ ಅಕ್ಕನ ಫೋನು. ಭಾವ ಉಡುಪಿಯವರು, ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಕಲಿಸುತ್ತಿದ್ದರು. ಕೆಲವು ತಿಂಗಳಿಂದ ಊಟದ ತಟ್ಟೆಯ ಪಕ್ಕದಲ್ಲೂ ಅವರ ಫೋನಿನಲ್ಲಿ ಜೂಜಿನ ಚಕ್ರ ತಿರುಗುತ್ತಿತ್ತು. ಚಟ ಬಿಡಿಸುವ ವೈದ್ಯರ ಬಳಿ ಹೋಗಲು ಅಕ್ಕ ಅವರನ್ನು ಹೇಗೋ ಒಪ್ಪಿಸಿದ್ದಳು.

"ಅವರು ಆಡುವ ಸೈಟಿಗೆ ಯುರೋಪಿನ ಲೈಸೆನ್ಸ್ ಉಂಟಂತೆ. ಹೌದಾ? ಸ್ವಲ್ಪ ನೋಡಿ ಹೇಳು ಮಾರಾಯ್ತಿ."

ಅವಳು ಹೇಳಿದ ತಾಣದ ಪುಟದ ಬುಡದಲ್ಲಿದ್ದ ಲೈಸೆನ್ಸ್ ನಂಬರನ್ನು ಲೈಸೆನ್ಸ್ ಕೊಡುವವರ ಪಟ್ಟಿಯ ಜೊತೆ ತಾಳೆ ನೋಡಿದೆ. "ಉಂಟು," ಅಂದೆ.

"ಹಾಗಾದ್ರೆ ಸರಿ." ಫೋನಿಟ್ಟಳು.

ಆ ಲೈಸೆನ್ಸಿಗೆ ಮಲೇಷ್ಯಾದಲ್ಲಿ ಬೆಲೆಯಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಖಚಿತವಾದಷ್ಟನ್ನೇ ಹೇಳುವುದು ಕಸುಬಿನ ಶಿಸ್ತು. ಅದನ್ನು ಅಕ್ಕನೊಂದಿಗೂ ಪಾಲಿಸಿದೆ.

ಭಾನುವಾರ ಅವರ ಮನೆಗೆ ಹೋದಾಗ ಭಾವ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೋಟಿ ತಪೌ, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಿದ್ದರು.

"ಬಂದ್ಳು ನೋಡಿ ನನ್ನ ವಕೀಲೆ! ನಿನ್ನಕ್ಕ ನನ್ನನ್ನು ಹುಚ್ಚರ ಡಾಕ್ಟರ ಹತ್ರ ಕಳಿಸ್ಲಿಕ್ಕೆ ಹೊರಟಿದ್ಳು. ಲೈಸೆನ್ಸ್ ಇರುವುದು ಎಲ್ಲಾದ್ರೂ ಕಾಯಿಲೆ ಆಗ್ತದಾ?"

"ಬಾರಿಗೂ ಲೈಸೆನ್ಸ್ ಉಂಟಲ್ಲ ಭಾವ."

"ಅದಕ್ಕೇ ನಾನು ಬಾರಿಗೆ ಹೋಗುವುದಿಲ್ಲ!"

ಅಕ್ಕನೂ ನಕ್ಕಳು. ವೈದ್ಯರ ಭೇಟಿ ರದ್ದಾಗಿದೆಯೆಂದು ನನಗೆ ತಿಳಿದದ್ದು ಆಗ. ಅಕ್ಕನ ಹಿಂದೆ ಅಡುಗೆಮನೆಗೆ ಹೋಗಿ ಉಳಿದದ್ದನ್ನು ಹೇಳಿದೆ. ಅವಳು ಒಲೆ ಆರಿಸಿದಳು.

"ಮೊನ್ನೆ ಉಂಟು ಅಂದಿ, ಇವತ್ತು ಲೆಕ್ಕಕ್ಕಿಲ್ಲ ಅಂತಿ. ಎಷ್ಟು ಕಷ್ಟದಲ್ಲಿ ಒಪ್ಪಿಸಿದ್ದೆ ಗೊತ್ತುಂಟಾ? ಈಗ ಯಾವ ಬಾಯಲ್ಲಿ ಹೇಳ್ಲಿ?"

ಆದರೂ ಹೇಳಿದಳು, ಹಲವು ಸಲ. ಭಾವ ಮತ್ತೆ ಒಪ್ಪಲಿಲ್ಲ. ಮರುವರ್ಷ ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ, ವಿದ್ಯಾರ್ಥಿನಿ ಉತ್ತರ ಹೇಳಿ ಮುಗಿಸಿ ಕಾಯುತ್ತ ನಿಂತಿದ್ದರೂ ಅವರು ಮೇಜಿನ ಕೆಳಗಿನ ಫೋನಿನಿಂದ ತಲೆಯೆತ್ತಲಿಲ್ಲ. ದೂರು ಹೋಯಿತು. ಕಾಲೇಜು ಒಪ್ಪಂದ ಮುಂದುವರಿಸಲಿಲ್ಲ. ಕೆಲಸದ ಜೊತೆ ಈ ದೇಶದಲ್ಲಿರುವ ಪರವಾನಗಿಯೂ ಮುಗಿಯುವುದಿತ್ತು.

ಅಕ್ಕ ಅಲ್ಲಿಯವರೆಗೂ ಕಾಯಲಿಲ್ಲ. ಮಗಳನ್ನು ಕರೆದುಕೊಂಡು ತವರಿಗೆ ಹೊರಟಳು. "ನಿನ್ನ ಮೇಲೆ ಸಿಟ್ಟಿಲ್ಲ. ನಾನು ಕೇಳಿದ್ದಕ್ಕೆ ನೀನು ಸರಿಯಾಗಿಯೇ ಹೇಳಿದಿ," ಅಂದಳು. ಆಮೇಲೆ ನನಗೆ ಫೋನ್ ಮಾಡಿಲ್ಲ.

ಅಕ್ಕ, ಮಗಳು ಹೋದ ಮರುವಾರ ಭಾವ ನನ್ನ ಆಫೀಸಿನ ಕೆಳಗೆ ಬಂದು ನಿಂತಿದ್ದರು. ಗಡ್ಡ ಬೋಳಿಸಿರಲಿಲ್ಲ.

"ಆ ಡಾಕ್ಟರದ್ದು ನಂಬರ್ ಉಂಟಾ ನಿನ್ನ ಹತ್ರ?"

ಅಲ್ಲೇ ನಿಂತು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಕ್ಲಿನಿಕ್ಕಿನವರು ಕೊಟ್ಟ ಮೊದಲ ದಿನಾಂಕ, ಭಾವ ದೇಶ ಬಿಡಬೇಕಾದ ದಿನ ಕಳೆದು ನಾಲ್ಕನೆಯ ದಿನ. ಅದನ್ನು ತಿಳಿಸಿದೆ. ಅವರು ಬೆರಳು ಮಡಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಇರ್ಲಿ, ಹೆಸರು ಬರೆಸು," ಅಂದರು. "ಬರೆಸಿದ್ದೇನೆ ಅಂತ ನಿನ್ನಕ್ಕನಿಗೆ ಹೇಳ್ಬಹುದಲ್ಲ."